ಹೊಗೆ ಕಡಿಮೆಯಾದರೆ ಬೆಟ್ಟ ಉಳಿದೀತೇ?

ಡೀಸೆಲ್ ಜೀಪಿಗೆ ಎಲ್‌ಪಿಜಿ ಜೋಡಿಸಿದರೆ ಕಪ್ಪು ಹೊಗೆ ಇಲ್ಲವಾಗುತ್ತದೆ, ಎಂಜಿನ್ನಿಗೆ ಬಲ ಬರುತ್ತದೆ, ಖರ್ಚು ಇಳಿಯುತ್ತದೆ, ಮೇಲಾಗಿ ಪರಿಸರವೂ ಉಳಿಯುತ್ತದೆ ಎಂಬ ವಾದವೊಂದಿದೆ. ಹೊಗೆ ಬಿಡದ ಜೀಪು ಬೆಟ್ಟ ಹತ್ತಿದರೆ ತಪ್ಪೇನು ಎಂಬ ಪ್ರಶ್ನೆ ಅದರ ಬೆನ್ನಿಗೇ ಬರುತ್ತದೆ. ಕೇಳಲು ಹಿತವಾದ ಈ ಮಾತನ್ನು ಮಲೆನಾಡಿನವರಾದ ನಾವು ತೂಗಿ ನೋಡದೆ ಒಪ್ಪಿಕೊಳ್ಳಬಾರದು.

ಮೊದಲು ಯಂತ್ರದ ಸಂಗತಿಯನ್ನು ತಿಳಿಯೋಣ. ಪೆಟ್ರೋಲ್ ಎಂಜಿನ್ನಿನಲ್ಲಿ ಸ್ಪಾರ್ಕ್ ಪ್ಲಗ್ಗಿನ ಕಿಡಿ ಇಂಧನವನ್ನು ಹೊತ್ತಿಸುತ್ತದೆ. ಡೀಸೆಲ್ ಎಂಜಿನ್ನಿನಲ್ಲಿ ಅಂಥ ಕಿಡಿಯಿಲ್ಲ. ಒತ್ತಡಕ್ಕೆ ಸಿಕ್ಕಿ ಕಾದ ಗಾಳಿಗೆ ಡೀಸೆಲ್ ಚಿಮ್ಮಿದಾಗ ಅದು ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಎಲ್‌ಪಿಜಿ ಹಾಗೆ ಸುಲಭವಾಗಿ ಹೊತ್ತುವುದಿಲ್ಲ. ಆದ್ದರಿಂದ ಅದನ್ನು ಎಂಜಿನ್ ಒಳಗೆಳೆದುಕೊಳ್ಳುವ ಗಾಳಿಯೊಡನೆ ಬೆರೆಸಿ ಕಳುಹಿಸುತ್ತಾರೆ. ಬೆಂಕಿ ಹೊತ್ತಿಸುವ ಕೆಲಸ ಮಾತ್ರ ಡೀಸೆಲ್ಲಿನದೇ. ಅನಿಲದ ಪಾಲು ಮಿತಿಮೀರಿದರೆ ಎಂಜಿನ್ ಬಡಿದುಕೊಳ್ಳುತ್ತದೆ, ಪಿಸ್ಟನ್ನಿಗೇ ಅಪಾಯ. ಅಂದಮೇಲೆ ಇದು ಡೀಸೆಲ್ಲನ್ನು ಬಿಡಿಸುವ ಉಪಾಯವಲ್ಲ, ಅದರ ಜೊತೆಗೆ ಇನ್ನೊಂದು ಇಂಧನವನ್ನೂ ಉರಿಸುವ ಉಪಾಯ.

ಹೊಗೆ ಕಡಿಮೆಯಾಗುವುದು ಸುಳ್ಳಲ್ಲ. ಮಸಿಯ ಕಣಗಳು ಇಳಿಯುತ್ತವೆ, ಅದನ್ನು ಪ್ರಾಮಾಣಿಕವಾಗಿ ಒಪ್ಪೋಣ. ಆದರೆ ಎಂಜಿನ್ ಹಗುರ ಭಾರದಲ್ಲಿ ನಿಧಾನವಾಗಿ ಓಡುವಾಗ ಗಾಳಿಯಲ್ಲಿ ಬೆರೆತ ಅನಿಲ ಪೂರ್ತಿ ಉರಿಯದೆ ಹೊರಬೀಳುತ್ತದೆ. ಕಾರ್ಬನ್ ಮೊನಾಕ್ಸೈಡ್ ಹೆಚ್ಚುತ್ತದೆ. ಇವು ಕಣ್ಣಿಗೆ ಕಾಣುವುದಿಲ್ಲ. ಕಾಣದ ಮಾತ್ರಕ್ಕೆ ಅವು ಇಲ್ಲವೆಂದೇನೂ ಅಲ್ಲ.

ಇನ್ನು ಭೂಮಿಯ ಬಿಸಿಯೇರಿಕೆಯ ಲೆಕ್ಕ. ಒಂದೇ ಪ್ರಮಾಣದ ಶಕ್ತಿಯನ್ನು ಪಡೆಯಲು ಡೀಸೆಲ್ 74 ಕಿಲೋ ಇಂಗಾಲದ ಡೈಆಕ್ಸೈಡ್ ಉಗುಳಿದರೆ ಎಲ್‌ಪಿಜಿ ಸುಮಾರು 63 ಕಿಲೋ ಉಗುಳುತ್ತದೆ. ಜೀಪಿನ ಶಕ್ತಿಯ ಕಾಲು ಭಾಗ ಅನಿಲದಿಂದ ಬಂದಿತೆಂದೇ ಇಟ್ಟುಕೊಳ್ಳೋಣ. ಆಗ ಉಳಿಯುವುದು ಶೇಕಡಾ 4ಕ್ಕೂ ಕಡಿಮೆ. 100 ಜೀಪುಗಳು ಹತ್ತುತ್ತಿದ್ದ ದಾರಿಯಲ್ಲಿ 104 ಹತ್ತಿದರೆ ಅಷ್ಟೂ ಉಳಿತಾಯ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತೆ. ಆಸ್ಟ್ರೇಲಿಯದಲ್ಲಿ ಫೋರ್ ವೀಲ್ ಡ್ರೈವ್ ವಾಹನಗಳಿಗೆ ಈ ವ್ಯವಸ್ಥೆಯನ್ನು ಅಳವಡಿಸುವ ರೂಢಿಯಿದೆ. ಅಲ್ಲಿಯೂ ಕೊಳ್ಳುವವರನ್ನು ಸೆಳೆಯುವುದು ಹೆಚ್ಚಿನ ಎಳೆಯುವ ಬಲ. ಬಲ ಹೆಚ್ಚಿದ ಜೀಪು ಬೆಟ್ಟದ ಮೇಲೆ ಇನ್ನಷ್ಟು ದೂರ ನುಗ್ಗೀತೇ ಹೊರತು ಹಿಂದೆ ಸರಿಯಲಾರದು.

ಈ ಅನಿಲ ಬರುವುದೆಲ್ಲಿಂದ? ನಮ್ಮ ದೇಶಕ್ಕೆ ಬೇಕಾದ ಎಲ್‌ಪಿಜಿಯಲ್ಲಿ ಅರ್ಧಕ್ಕಿಂತ ಹೆಚ್ಚು ಹೊರದೇಶಗಳಿಂದ ಬರುತ್ತದೆ. ವಾಹನಕ್ಕೆ ಅನಿಲ ತುಂಬುವ ಬಂಕುಗಳು ಹೆಚ್ಚಾಗಿ ನಗರಗಳಲ್ಲಿವೆ. ಹಳ್ಳಿಯಲ್ಲಿ ಕೈಗೆಟಕುವುದು ಅಡುಗೆಮನೆಯ 14.2 ಕಿಲೋ ಸಿಲಿಂಡರು. ಅದನ್ನು ವಾಹನಕ್ಕೆ ಬಳಸುವುದು ಕಾನೂನಿಗೆ ವಿರುದ್ಧ. ಎಲ್‌ಪಿಜಿ ಗಾಳಿಗಿಂತ ಭಾರವಾದ್ದರಿಂದ ಸೋರಿದ ಅನಿಲ ಜೀಪಿನ ತಳದಲ್ಲಿ, ಕೊಟ್ಟಿಗೆಯ ಮೂಲೆಯಲ್ಲಿ ಮಡುಗಟ್ಟಿ ಒಂದು ಕಿಡಿಗಾಗಿ ಕಾದಿರುತ್ತದೆ. ಅದಕ್ಕಿಂತ ದೊಡ್ಡ ಮಾತೊಂದಿದೆ. ಆ ಸಿಲಿಂಡರು ನಮ್ಮ ಅಕ್ಕತಂಗಿಯರ ತಲೆಯ ಮೇಲಿನ ಸೌದೆ ಹೊರೆಯನ್ನು ಇಳಿಸಿತು, ಅವರ ಕಣ್ಣಿನ ಹೊಗೆಯನ್ನು ಆರಿಸಿತು. ಅದು ಜೀಪಿನ ಪಾಲಾದರೆ ಅವರು ಮತ್ತೆ ಕತ್ತಿ ಹಿಡಿದು ಕಾಡಿಗೇ ಹೋಗಬೇಕು. ಪರಿಸರದ ಹೆಸರಿನಲ್ಲಿ ಒಲೆಯ ಅನಿಲವನ್ನು ಕಿತ್ತು ಮೋಜಿನ ಸವಾರಿಗೆ ಸುರಿಯುವುದು ಯಾವ ನ್ಯಾಯ?

ಎಲ್ಲಕ್ಕಿಂತ ಮಿಗಿಲಾಗಿ, ಬೆಟ್ಟವನ್ನು ಕೆಡಿಸುತ್ತಿರುವುದು ಹೊಗೆಯೊಂದೇ ಅಲ್ಲ, ಚಕ್ರ. ಕೊಡಚಾದ್ರಿ, ಮಾಂದಲಪಟ್ಟಿಗಳಂಥ ಕಡೆ ಪ್ರವಾಸಿಗರನ್ನು ಹೊತ್ತ ಜೀಪುಗಳು ಏರುವ ದಾರಿಯನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹುಲ್ಲುಗಾವಲಿನ ಬೇರಿನ ಹೆಣಿಗೆ ಒಮ್ಮೆ ಹರಿದರೆ ಚಕ್ರದ ಜಾಡೇ ಮಳೆಗಾಲದಲ್ಲಿ ಕಾಲುವೆಯಾಗುತ್ತದೆ. ಮಣ್ಣು ಕೊಚ್ಚಿ ಹಳ್ಳ ಸೇರುತ್ತದೆ. ಮಳೆನೀರನ್ನು ಇಂಗಿಸಿಕೊಂಡು ಬೇಸಿಗೆಯಲ್ಲಿ ನಮ್ಮ ತೋಟ ಗದ್ದೆಗಳಿಗೆ ಹನಿಹನಿಯಾಗಿ ಬಿಡುವುದು ಇದೇ ಹುಲ್ಲು, ಇದೇ ಶೋಲಾ ಕಾಡು. 2012ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ ಪಶ್ಚಿಮಘಟ್ಟದ 39 ತಾಣಗಳಲ್ಲಿ 10 ಕರ್ನಾಟಕದಲ್ಲಿವೆ. ಚಕ್ರದಡಿ ಸಿಕ್ಕ ಹುಲ್ಲಿಗೆ ಎಂಜಿನ್ನಿನೊಳಗೆ ಉರಿಯುತ್ತಿರುವುದು ಡೀಸೆಲ್ಲೋ ಅನಿಲವೋ ಎಂಬ ಭೇದವಿಲ್ಲ.

ನಾವು ಜೀಪಿನ ವೈರಿಗಳಲ್ಲ. ಸುರಿವ ಮಳೆಯಲ್ಲಿ ಬಾಣಂತಿಯನ್ನು ಆಸ್ಪತ್ರೆಗೆ ಮುಟ್ಟಿಸುವುದು, ಅಡಿಕೆ ಮೂಟೆಯನ್ನು ಪೇಟೆಗೆ ಇಳಿಸುವುದು ಜೀಪೇ. ಬಾಡಿಗೆ ಓಡಿಸುವ ಚಾಲಕರೂ ನಮ್ಮೂರಿನ ಹುಡುಗರೇ. ಅವರಿಗೆ ಹೇಳುವುದಿಷ್ಟು: ಕಪ್ಪು ಹೊಗೆಗೆ ಸಾಮಾನ್ಯ ಕಾರಣ ಕಟ್ಟಿಕೊಂಡ ಏರ್ ಫಿಲ್ಟರ್, ಸವೆದ ಇಂಜೆಕ್ಟರ್ ಮತ್ತು ಅಳತೆ ಮೀರಿದ ಡೀಸೆಲ್. ಅನಿಲದ ಕಿಟ್ಟಿಗೆ ಸುರಿಯುವ ಹಣಕ್ಕೆ ಮೊದಲು ಇವನ್ನು ಸರಿಪಡಿಸಿ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನಂತೆ, ಅನುಮೋದಿತ ಕಿಟ್ ಇಲ್ಲದೆ, ನೋಂದಣಿ ಪತ್ರದಲ್ಲಿ ದಾಖಲಾಗದೆ ಇಂಧನ ವ್ಯವಸ್ಥೆಯನ್ನು ಬದಲಿಸುವಂತಿಲ್ಲ ಎಂಬುದನ್ನೂ ನೆನಪಿಡಿ. ಸಾಲ ಮಾಡಿ ಕಿಟ್ ಹಾಕಿಸಿಕೊಂಡು ಆಮೇಲೆ ವಿಮೆಯನ್ನೂ ಕಳೆದುಕೊಳ್ಳುವ ಸ್ಥಿತಿ ನಿಮಗೆ ಬಾರದಿರಲಿ.

ನಮ್ಮ ಬೇಡಿಕೆ ಸ್ಪಷ್ಟ. ದಿನಕ್ಕೆ ಎಷ್ಟು ಜೀಪುಗಳು ಬೆಟ್ಟ ಹತ್ತಬೇಕೆಂಬುದಕ್ಕೆ ಮಿತಿ ಬೇಕು. ಇರುವ ದಾರಿಯನ್ನು ಬಿಟ್ಟು ಹುಲ್ಲಿಗೆ ಇಳಿಯುವ ವಾಹನಕ್ಕೆ ದಂಡ ಬೇಕು. ಮಳೆಗಾಲದಲ್ಲಿ ಮೋಜಿನ ಸವಾರಿ ನಿಲ್ಲಬೇಕು. ಜೀವವೈವಿಧ್ಯ ಕಾಯ್ದೆ 2002ರಂತೆ ಪಂಚಾಯಿತಿಗಳಲ್ಲಿ ಇರಬೇಕಾದ ಜೀವವೈವಿಧ್ಯ ನಿರ್ವಹಣಾ ಸಮಿತಿಗಳು ಈ ವಿಷಯವನ್ನು ಕೈಗೆತ್ತಿಕೊಳ್ಳಲಿ, ಗ್ರಾಮಸಭೆಗಳು ನಿರ್ಣಯ ಮಾಡಲಿ. ವಿದ್ಯಾರ್ಥಿ ಮಿತ್ರರು ಒಂದು ಭಾನುವಾರ ಬೆಟ್ಟದ ಬುಡದಲ್ಲಿ ಕುಳಿತು ಹತ್ತುವ ವಾಹನಗಳನ್ನು ಎಣಿಸಲಿ, ಜಾಡಿನ ಆಳವನ್ನು ಅಳೆಯಲಿ. ಆ ಲೆಕ್ಕವನ್ನು ಕೈಯಲ್ಲಿ ಹಿಡಿದು ಸಭೆಗೆ ಹೋದರೆ ಹೊಗೆಯಿಲ್ಲದ ಜೀಪಿನ ಮಾತು ಅಲ್ಲಿ ನಿಲ್ಲಲಾರದು.