ನಂಬರು ನಮ್ಮದು, ದರ ಯಾರದು?

ಅಗ್ಗದ ಸಿಮ್ ಬಿಟ್ಟು ದೊಡ್ಡ ಕಂಪೆನಿಯ ಸಿಮ್ ಕೊಂಡ ಕಾರ್ಮಿಕನನ್ನು ಆಡಿಕೊಳ್ಳುವವರುಂಟು. ಸರ್ಕಾರದ ಬಿಎಸ್‌ಎನ್‌ಎಲ್ ತೊರೆದು ಬಂಡವಾಳಗಾರರ ಬಾಗಿಲಿಗೆ ಹೋದನೆಂದು ದೂರುವವರೂ ಉಂಟು. ಈ ಮಾತನ್ನು ನಾವು ಒಪ್ಪುವುದಿಲ್ಲ. ಗಿರಣಿಯ ಪಾಳಿ ಬದಲಾದ ಸುದ್ದಿ ಇಂದು ಬರುವುದು ಫೋನಿಗೆ. ಬೀಡಾ ಅಂಗಡಿಯ ಹತ್ತು ರೂಪಾಯಿ ಜಮಾ ಆಗುವುದೂ ಫೋನಿಗೆ. ಗಿರಾಕಿ ಎದುರು ನಿಂತಾಗ ಸಿಗ್ನಲ್ ಸಿಗದಿದ್ದರೆ, ಕರೆನ್ಸಿಯಲ್ಲಿ ಉಳಿಸಿದ ಹಣ ಒಂದೇ ಸಂಜೆಯ ವ್ಯಾಪಾರದಲ್ಲಿ ಕಳೆದುಹೋಗುತ್ತದೆ. ದುಡಿಯುವವನು ತನ್ನ ಅನುಕೂಲ ನೋಡಿಕೊಳ್ಳುವುದು ತಪ್ಪಲ್ಲ.

ಹಾಗೆ ಬದಲಾಯಿಸುವ ಹಕ್ಕು ಕಂಪೆನಿಗಳು ದಯೆಯಿಂದ ಕೊಟ್ಟದ್ದಲ್ಲ. 2011ರ ಜನವರಿ 20ರವರೆಗೆ ನಮ್ಮ ರಾಜ್ಯದಲ್ಲಿ ಕಂಪೆನಿ ಬಿಟ್ಟರೆ ನಂಬರನ್ನೂ ಬಿಡಬೇಕಿತ್ತು. ಅಂಗಡಿಯ ಬೋರ್ಡಿನ ಮೇಲೆ ಬರೆಸಿದ ನಂಬರಿಗಾಗಿ ವರ್ತಕ ಕೆಟ್ಟ ಸೇವೆಯನ್ನೂ ಸಹಿಸುತ್ತಿದ್ದ. ಅಂದಿನಿಂದ ನಿಯಮದ ಬಲದಿಂದ ನಂಬರು ನಮ್ಮದಾಯಿತು. ಪೋರ್ಟ್ ಎಂದು ಬರೆದು, ತನ್ನ ನಂಬರನ್ನೂ ಸೇರಿಸಿ, 1900ಕ್ಕೆ ಸಂದೇಶ ಕಳಿಸಿದರೆ ಒಂದು ಸಂಕೇತ ಬರುತ್ತದೆ. ಅದು ನಮ್ಮಲ್ಲಿ 4 ದಿನ ಮಾತ್ರ ಊರ್ಜಿತ. ಒಂದೇ ವಲಯದೊಳಗಾದರೆ 3 ಕೆಲಸದ ದಿನಗಳಲ್ಲಿ ಬದಲಾವಣೆ ಮುಗಿಯಬೇಕು. ಹಳೆಯ ಸಿಮ್‌ನಲ್ಲಿ ಉಳಿದ ಕರೆನ್ಸಿ ಹೊಸದಕ್ಕೆ ಬರುವುದಿಲ್ಲ. ಮುಂದಿನ 90 ದಿನ ಮತ್ತೆ ಬದಲಾಯಿಸಲೂ ಆಗದು. ಆದುದರಿಂದ ಮನೆ, ಗಿರಣಿ, ಅಂಗಡಿ ಮೂರೂ ಕಡೆ ಆ ಕಂಪೆನಿಯ ಸಿಗ್ನಲ್ ಹೇಗಿದೆಯೆಂದು ಅಕ್ಕಪಕ್ಕದವರನ್ನು ಕೇಳಿಯೇ ಹೆಜ್ಜೆ ಇಡುವುದು ಲೇಸು.

ಆದರೆ ಬಿಟ್ಟು ಹೋಗುವ ಹಕ್ಕಿದ್ದರೆ ಸಾಲದು, ಹೋಗಲು ಬೇರೊಂದು ಜಾಗವೂ ಇರಬೇಕು. ಒಂದು ಕಾಲಕ್ಕೆ ಹತ್ತಕ್ಕೂ ಹೆಚ್ಚು ಕಂಪೆನಿಗಳು ಗಿರಾಕಿಗಾಗಿ ಪೈಪೋಟಿ ನಡೆಸುತ್ತಿದ್ದುವು. 2018ರಲ್ಲಿ ಏರ್‌ಸೆಲ್ ದಿವಾಳಿಯಾಯಿತು. ಅಗ್ಗಕ್ಕೆ ಹೆಸರಾಗಿದ್ದ ಟೆಲಿನಾರ್ ಅದೇ ವರ್ಷ ಏರ್‌ಟೆಲ್‌ನಲ್ಲಿ ಲೀನವಾಯಿತು. ವೊಡಾಫೋನ್ ಮತ್ತು ಐಡಿಯಾ ಒಂದಾದುವು. 2019ರಲ್ಲಿ ಟಾಟಾದ ಮೊಬೈಲ್ ಸೇವೆಯೂ ಏರ್‌ಟೆಲ್ ಪಾಲಾಯಿತು. ಇಂದು ನಮ್ಮಲ್ಲಿ ಉಳಿದಿರುವುದು ಮೂರು ಖಾಸಗಿ ಕಂಪೆನಿಗಳು ಮತ್ತು ಬಿಎಸ್‌ಎನ್‌ಎಲ್.

ಇದರ ಫಲವನ್ನು 2024ರ ಜುಲೈನಲ್ಲಿ ಶ್ರೀಸಾಮಾನ್ಯ ಉಂಡ. 3 ಮತ್ತು 4ನೆಯ ತಾರೀಖು, ಎರಡೇ ದಿನಗಳಲ್ಲಿ, ಮೂರೂ ಖಾಸಗಿ ಕಂಪೆನಿಗಳು ದರ ಏರಿಸಿದುವು. ಜಿಯೋದ 28 ದಿನಗಳ 155 ರೂಪಾಯಿಯ ಕರೆನ್ಸಿ 189 ಆಯಿತು. ಬಿಎಸ್‌ಎನ್‌ಎಲ್ ಏರಿಸಲಿಲ್ಲ. ಆ ಒಂದೇ ತಿಂಗಳಲ್ಲಿ ಅದರ ಗಿರಾಕಿಗಳು 29 ಲಕ್ಷದಷ್ಟು ಹೆಚ್ಚಿದರು. ಆದರೆ ನವೆಂಬರ್ ಹೊತ್ತಿಗೆ ಬಂದವರಿಗಿಂತ ಬಿಟ್ಟವರೇ ಹೆಚ್ಚಾದರು. ದರ ಹಿಡಿಸಿತ್ತು, ಸಿಗ್ನಲ್ ಹಿಡಿಸಲಿಲ್ಲ.

ಈ ದುರ್ಗತಿಗೆ ಕಾರಣರಾರು? ಜಿಯೋ 4ಜಿ ಸೇವೆ ಆರಂಭಿಸಿದ್ದು 2016ರಲ್ಲಿ. ಬಿಎಸ್‌ಎನ್‌ಎಲ್‌ಗೆ 4ಜಿ ತರಂಗಾಂತರ ಕೊಡಲು ಕೇಂದ್ರ ಸರ್ಕಾರ ತೀರ್ಮಾನಿಸಿದ್ದೇ 2019ರಲ್ಲಿ. ದೇಶದಾದ್ಯಂತ ಅದರ 4ಜಿ ಉದ್ಘಾಟನೆಯಾದದ್ದು 2025ರ ಸೆಪ್ಟೆಂಬರ್‌ನಲ್ಲಿ. ನಡುವೆ, 2020ರ ಜನವರಿ 31ರಂದು, ಸುಮಾರು 78,000 ನೌಕರರು ಸ್ವಯಂ ನಿವೃತ್ತಿಯ ಹೆಸರಿನಲ್ಲಿ ಒಟ್ಟಿಗೆ ಹೊರನಡೆದರು. ಓಟದವನ ಕಾಲು ಕಟ್ಟಿ, ಅವನು ಸೋತನೆಂದು ನಗುವುದು ಯಾವ ನ್ಯಾಯ?

ನಮ್ಮ ಬಂಧುಗಳು ಸಿಗ್ನಲ್ ಇದ್ದಲ್ಲಿಗೆ ಹೋಗಲಿ, ಅದಕ್ಕೆ ನಮ್ಮ ಅಡ್ಡಿಯಿಲ್ಲ. ಆದರೆ ಅಗ್ಗದ ಸಂಸ್ಥೆ ಕಣ್ಮರೆಯಾದ ದಿನ ಉಳಿದವರು ಹೇಳಿದ್ದೇ ದರವಾಗುತ್ತದೆ. ಆಗ 1900ಕ್ಕೆ ಸಂದೇಶ ಕಳಿಸಿ ಫಲವೇನು? ಹೋದವರೂ ಉಳಿದವರೂ ಕೂಡಿ ಕೇಳಬೇಕಾದದ್ದಿಷ್ಟೇ: ಕಾರ್ಮಿಕರ ಬಡಾವಣೆಗಳಲ್ಲಿ ಬಿಎಸ್‌ಎನ್‌ಎಲ್‌ನ ಗೋಪುರಗಳು ಏಳಲಿ, ಅವನ್ನು ನೋಡಿಕೊಳ್ಳಲು ಸಾಕಷ್ಟು ನೌಕರರು ಬರಲಿ. ನಮ್ಮ ಕ್ಷೇತ್ರದ ಸಂಸತ್ ಸದಸ್ಯರು ಮುಂದಿನ ಬಾರಿ ಊರಿಗೆ ಬಂದಾಗ ಈ ಪ್ರಶ್ನೆಗೆ ಉತ್ತರ ಹೇಳಲಿ.