ಹಳೆಯ ಹಾಳೆಗಳ ಸಂಗ್ರಹ

ಗೃಹಸ್ಥರ ಮನೆಯಲ್ಲಿ ಹಳೆಯ ವರ್ತಮಾನಪತ್ರದ ಗತಿಯು ಸರ್ವವಿದಿತವಾದದ್ದೇ: ಮೆಣಸಿನಕಾಯಿ ಕಟ್ಟಲಿಕ್ಕೆ, ನಾಗೊಂದಿಗೆಯ ಮೇಲೆ ಹಾಸಲಿಕ್ಕೆ, ಉಳಿದದ್ದು ರದ್ದಿಯವನ ತಕ್ಕಡಿಗೆ. ಅಂಥ ಹಾಳೆಗಳನ್ನೇ ಹಣ ಸುರಿದು ಕೊಳ್ಳುವವರು ಇರುವರೆಂದರೆ ವಾಚಕರು ನಕ್ಕಾರು. ನಗತಕ್ಕದ್ದಲ್ಲ.

1960ರ ದಶಕದಲ್ಲಿ ಇಂಗ್ಲೆಂಡ, ಅಮೇರಿಕಾಗಳ ತರುಣರು ಯುದ್ಧವನ್ನೂ ಹಿರಿಯರ ರೂಢಿಗಳನ್ನೂ ಧಿಕ್ಕರಿಸಿ ತಮ್ಮವೇ ಆದ ಪತ್ರಗಳನ್ನು ಹೊರಡಿಸಿದರು. 1966ರ ಅಕ್ಟೋಬರದಲ್ಲಿ ಲಂಡನ್ನಿನ ‘ಇಂಟರ್‌ನ್ಯಾಷನಲ್ ಟೈಮ್ಸ್’ ಪತ್ರದ ಆರಂಭೋತ್ಸವಕ್ಕೆ ‘ಪಿಂಕ್ ಫ್ಲಾಯ್ಡ್’ ಎಂಬ ರಾಕ್ ಮೇಳವು ನುಡಿಸಿತು. ಸ್ಯಾನ್ ಫ್ರಾನ್ಸಿಸ್ಕೋದ ‘ರೋಲಿಂಗ್ ಸ್ಟೋನ್’ 1967ರ ನವೆಂಬರ 9ರ ತನ್ನ ಪ್ರಥಮ ಸಂಚಿಕೆಯ ಮುಖದಲ್ಲಿ ಗಾಯಕ ಜಾನ್ ಲೆನನ್ನನ ಚಿತ್ರವನ್ನು ಅಚ್ಚು ಹಾಕಿತು. ಬೆಲೆ 25 ಸೆಂಟು. ನಮ್ಮ ಕಲಕತ್ತೆಯ ‘ಜೂನಿಯರ್ ಸ್ಟೇಟ್ಸ್‌ಮನ್’ (1967–1977) ಬಂಡಾಯದ ಪತ್ರವಲ್ಲ, ದೊಡ್ಡ ಮನೆಯ ಕೂಸು. ಆದರೂ ಆ ಸಂಗೀತದ ಸುದ್ದಿಯನ್ನು ನಮ್ಮ ತರುಣರಿಗೆ ಮುಟ್ಟಿಸಿತು.

ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ಯರಗುಪ್ಪಿಯ ತರುಣನೊಬ್ಬನು ಇಂಥವನ್ನು ಕೂಡಿಸುತ್ತಿರುವನು. ಊರಿಗೆ ಬಂದಾಗ ನಮಗೂ ತೋರಿಸಿದನು. ಗಾಯಕರ ಮುಖಗಳನ್ನು ಕತ್ತರಿಸಿ ದಪ್ಪ ಕಾಗದಕ್ಕೆ ಅಂಟಿಸಿದ್ದನು; ಉಳಿದದ್ದನ್ನು ಚೆಲ್ಲಿದ್ದನು. ಶಿರಸ್ಸುಂಟು, ಶರೀರವಿಲ್ಲ! ನಮಗೆ ರಾಕ್ ಸಂಗೀತದ ಗಂಧವಿಲ್ಲ. ಕುಂದಗೋಳದ ಸವಾಯಿ ಗಂಧರ್ವರ ಮಗ್ಗುಲೂರಿನವರ ಕಿವಿಗೆ ಅದು ಗದ್ದಲವೇ ಸರಿ. ಆದರೂ ಆ ಕತ್ತರಿಯ ಕೆಲಸವು ನಮ್ಮನ್ನು ನೋಯಿಸಿತು. ತಾರೀಖು, ಬೆಲೆ, ಜಾಹೀರಾತು, ಬೆನ್ನ ಮೇಲಿನ ಯುದ್ಧವಿರೋಧದ ಲೇಖ, ಇವುಗಳೊಡನೆ ಇದ್ದರೆ ಆ ಚಿತ್ರವು ಒಂದು ಕಾಲದ ಸಾಕ್ಷಿ. ಬೇರ್ಪಟ್ಟರೆ ಬರಿಯ ಗೊಂಬೆ.

ಅಂಟಿಸುವದೂ ಘಾತುಕವೇ. ಕಟ್ಟಿಗೆಯನ್ನು ಅರೆದು ಮಾಡಿದ ಈ ಕಾಗದದಲ್ಲಿ ಲಿಗ್ನಿನ್ ಎಂಬ ದ್ರವ್ಯವು ಉಳಿದಿರುವದು. ಗಾಳಿ ಬೆಳಕುಗಳಿಂದ ಅದು ಕೆಟ್ಟು ಹಾಳೆಯು ಹಳದಿಯಾಗಿ, ಹಪ್ಪಳದಂತೆ ಮುರಿಯುವದು. ಆದುದರಿಂದ ಇಡಿಯ ಹಾಳೆಯನ್ನು ಹಾಸಿ, ನಡುನಡುವೆ ಆಮ್ಲರಹಿತ ಕಾಗದವನ್ನಿಟ್ಟು, ಬಿಸಿಲು ತಾಗದ ಒಣ ಪೆಟ್ಟಿಗೆಯಲ್ಲಿರಿಸತಕ್ಕದ್ದು. ಅಂಟುಪಟ್ಟಿಯೂ ಲ್ಯಾಮಿನೇಶನ್ನೂ ಸರ್ವಥಾ ವರ್ಜ್ಯ. ಪದೇ ಪದೇ ನೋಡಲಿಕ್ಕೆ ಮೊಬೈಲಿನಲ್ಲಿ ತೆಗೆದ ಚಿತ್ರವು ಸಾಕು.

ಈ ಮಾತು ನಮ್ಮ ಅಟ್ಟಗಳಿಗೂ ಸಲ್ಲುವದು. 1921ರಲ್ಲಿ ದಿವಾಕರರು ಧಾರವಾಡದಿಂದ ಹೊರಡಿಸಿದ ‘ಕರ್ಮವೀರ’ವೂ ಆಳುವವರಿಗೆ ಎದುರು ನಿಂತ ಪತ್ರವೇ. ಸವಾಯಿ ಗಂಧರ್ವರು ಮರಾಠೀ ರಂಗಭೂಮಿಯ ಮೇಲೆ ಹಾಡುತ್ತಿದ್ದ ಕಾಲವದು. ಅಂದಿನ ಪತ್ರವೊಂದರಲ್ಲಿ ನಾಟಕದ ಜಾಹೀರಾತು ದೊರೆತರೆ, ಅದರ ಮಗ್ಗುಲಿಗೇ ಅಸಹಕಾರದ ಸುದ್ದಿ ಇದ್ದೀತು. ಲೆನನ್ನನ ಹಾಳೆಗೆ ಗಿರಾಕಿಗಳುಂಟು, ಅದು ಹೇಗಾದರೂ ಬದುಕೀತು. ಇವಕ್ಕೆ ರದ್ದಿಯವನೊಬ್ಬನೇ ಗಿರಾಕಿ. ಬರುವ ದೀಪಾವಳಿಗೆ ಅಟ್ಟ ಬಳಿಯುವಾಗ ಗೃಹಿಣಿಯರು ಗಂಟು ಬಿಚ್ಚಿ, ತಾರೀಖು ನೋಡಿ, ಆಮೇಲೆ ಅವನನ್ನು ಕೂಗಲಿ.