ಪಹಣಿ ಇಲ್ಲದ ಮರಳು

ನಮ್ಮೂರು ಹೊಂಗನೂರಿಗೆ ಕಡಲು ದೂರ. ಆದರೂ ಕಡಲತೀರದ ಜಗಳ ನಮಗೆ ಅರ್ಥವಾಗದ್ದೇನಲ್ಲ. ಗೋಮಾಳ ಕರಗುವುದನ್ನು ಕಂಡವರು ನಾವು. ಊರಿನ ದನವೆಲ್ಲ ಮೇಯುವ ಜಾಗವಾದರೂ ಪಹಣಿಯಲ್ಲಿ ರೈತನ ಹೆಸರಿಲ್ಲದಿದ್ದರೆ ಕಚೇರಿಯ ಕಣ್ಣಿಗೆ ಅದು ಖಾಲಿ ಜಮೀನು. ಹೊನ್ನಾವರದ ಕಾಸರಕೋಡ ಟೊಂಕದ ಮರಳಿಗೂ ಅದೇ ಗತಿ.

ಆ ಮರಳಿನ ಮೇಲೆ ಹೆಂಗಸರು ಮೀನು ಒಣಗಿಸುತ್ತಾರೆ. ಬಲೆ ಹಾಸಿ, ಮೀನು ಹರವಿ, ಬಿಸಿಲೇರಿದಂತೆ ಮಗುಚಿ, ಕಾಗೆ ನಾಯಿ ಓಡಿಸಿ, ಕತ್ತಲಾಗುವ ಮೊದಲು ಗುಡ್ಡೆ ಹಾಕಿ ಮುಚ್ಚಬೇಕು. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಆಗ ಕರಾವಳಿಯ ಅಡುಗೆಮನೆಗೂ ಘಟ್ಟದ ಮೇಲಿನ ಸಂತೆಗೂ ಆಸರೆ ಈ ಒಣಮೀನು. ದೋಣಿ ನಿಲ್ಲುವುದು, ಬಲೆ ರಿಪೇರಿ, ಎಲ್ಲ ಅಲ್ಲೇ. ಕಡಲಾಮೆ ಮೊಟ್ಟೆಯಿಡುವುದೂ ಅಲ್ಲೇ. ಇಂಥ ಕಡೆ ಖಾಸಗಿ ಬಂದರು ಬರುತ್ತದೆಂದಾಗ ಮೀನುಗಾರರು ವರ್ಷಗಟ್ಟಲೆ ಅಡ್ಡ ನಿಂತದ್ದು ಬರೀ ಹಟವಲ್ಲ.

ಹಾಗೆಂದು ಮೀನುಗಾರರನ್ನು ಕಡಲಿನ ಪೂಜಾರಿಗಳನ್ನಾಗಿ ಮಾಡುವುದೂ ಬೇಡ. ಪ್ರಖರ ದೀಪ ಹಚ್ಚಿ ಮೀನು ಸೆಳೆದು ಹಿಡಿಯುವ ಲೈಟ್ ಫಿಶಿಂಗ್ ಅನ್ನು ಕೇಂದ್ರ ಸರ್ಕಾರ 2017ರಲ್ಲೇ ನಿಷೇಧಿಸಿದೆ. ಆದರೂ ಅದು ನಡೆಯುತ್ತಿದೆಯೆಂಬ ನಾಡದೋಣಿಯವರ ದೂರು ಇನ್ನೂ ನಿಂತಿಲ್ಲ. ಅದಕ್ಕೂ ಹಿಂದಿನ ಕಥೆ ರಂಪಣಿಯದು. ದಡದಲ್ಲಿ ನಿಂತು ಊರಿಗೆ ಊರೇ ಎಳೆಯುತ್ತಿದ್ದ ಬಲೆ ಅದು; ಕೈಹಚ್ಚಿದವರಿಗೆಲ್ಲ ಪಾಲು. 1970ರ ದಶಕದ ಕೊನೆಗೆ, ಮೀನಿನ ಹಿಂಡನ್ನೇ ಬಲೆಯಿಂದ ಸುತ್ತುವರಿದು ಹಿಡಿಯುವ ಪರ್ಸೀನ್ ದೋಣಿಗಳು ಬಂದವು. ಬಂಗುಡೆ, ಭೂತಾಯಿ ದಡಕ್ಕೆ ಬರುವ ಮೊದಲೇ ಆಳದಲ್ಲಿ ಬಲೆಗೆ ಬಿದ್ದವು, ರಂಪಣಿ ಮೂಲೆ ಸೇರಿತು. ರಂಪಣಿಗೆ ದಡ ಬೇಕಿತ್ತು, ಪರ್ಸೀನ್ ಬಲೆಗೆ ಬೇಕಿಲ್ಲ. ಮರಳು ‘ಖಾಲಿ’ಯಾಗಿ ಕಾಣತೊಡಗಿದ್ದರಲ್ಲಿ ಮೀನುಗಾರಿಕೆಯದೂ ಒಂದು ಪಾಲಿದೆ ಎಂದೇ ನನ್ನ ಅನಿಸಿಕೆ.

ಆ ಖಾಲಿತನವನ್ನು ತುಂಬಲು ಪ್ರವಾಸೋದ್ಯಮ ಬಂತು. 2020ರಲ್ಲಿ ಕಾಸರಕೋಡ, ಪಡುಬಿದ್ರಿ ಬೀಚುಗಳಿಗೆ ಶುಚಿಯಾದ ತೀರಕ್ಕೆ ಕೊಡುವ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕಿತು. ಶುಚಿಯಾದ ತೀರ ಯಾರಿಗೆ ಬೇಡ? ಆದರೆ ರಜೆಗೆ ಬಂದವನ ಮೂಗಿಗೆ ಒಣಮೀನೂ ಕೊಳಕೇ. (ಅದೇ ಮೀನು ಹುರಿದು ತಟ್ಟೆಗೆ ಬಂದರೆ ತಕರಾರಿಲ್ಲ.) 2019ರ ಕರಾವಳಿ ನಿಯಂತ್ರಣ ವಲಯ ಅಧಿಸೂಚನೆ ಉಬ್ಬರದ ಗೆರೆಯಿಂದ 10 ಮೀಟರ್ ಬಿಟ್ಟು ಪ್ರವಾಸಿಗರಿಗಾಗಿ ತಾತ್ಕಾಲಿಕ ಶೆಡ್ಡು ಹಾಕಲು ಒಪ್ಪುತ್ತದೆ. ಮೀನು ಒಣಗಿಸುವ ಅಂಗಳಕ್ಕೂ ಅದರಲ್ಲಿ ಅವಕಾಶವಿದೆ, ನಿಜ. ಆದರೆ ಅವಕಾಶ ಬೇರೆ, ಹಕ್ಕು ಬೇರೆ. ಶೆಡ್ಡಿನವನ ಕೈಯಲ್ಲಿ ಲೈಸೆನ್ಸ್ ಇರುತ್ತದೆ. ಮೀನು ಹರವುವವಳಿಗೆ ತೋರಿಸಲು ಯಾವ ಕಾಗದವಿದೆ?

ಹಾಗಾಗಿ ಮೀನುಗಾರಿಕೆಯೋ ಪ್ರವಾಸೋದ್ಯಮವೋ ಎಂಬ ಚರ್ಚೆಗಿಂತ ಮೊದಲು ಮರಳಿನ ಲೆಕ್ಕ ತೀರಬೇಕು. ಒಣಗಿಸುವ ಅಂಗಳ, ದೋಣಿ ಇಳಿಯುವ ದಾರಿ, ಆಮೆಯ ಜಾಗ ಇವನ್ನು ಅಳೆದು ಊರಿನ ಸಮುದಾಯದ ಹೆಸರಿಗೆ ದಾಖಲಿಸಿ, ಉಳಿದದ್ದರಲ್ಲಿ ರೆಸಾರ್ಟಿನ ಮಾತಾಡಲಿ. ಕಾಡಿನವರಿಗೆ 2006ರ ಅರಣ್ಯ ಹಕ್ಕು ಕಾಯ್ದೆ ಇಂಥ ಸಾಮುದಾಯಿಕ ಹಕ್ಕನ್ನು ಕೊಟ್ಟಿದೆ. ಕಡಲಿನವರಿಗೆ ಅಂಥ ಕಾಯ್ದೆ ಇನ್ನೂ ಬಂದಿಲ್ಲ.